ವಯರುಗಳೆಲ್ಲ ಮೇಲೆ ಹೋದ ದಿನ

ಸೀಲಿಂಗಿನ ಹಲಗೆ ಕೊಯ್ಯುವಾಗ ಒಂದು ವಾಸನೆ ಬರುತ್ತದೆ. ಒಣ ಸುಣ್ಣದ ಹಾಗೆ, ಶಾಲೆಯ ಚಾಕ್‌ಪೀಸಿನ ಹಾಗೆ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಕಳೆದ ವಾರ ಸುಳ್ಯದ ನಮ್ಮ ಆಫೀಸಿಗೆ ಹೊಸ ಸೀಲಿಂಗ್ ಹಾಕಲು ಜನ ಬಂದಿದ್ದರು. ಏಣಿಯ ಮೇಲಿದ್ದವನು ಹಲಗೆಗೆ ತೂತು ಕೊರೆದು, ನೀಲಿ ವಯರುಗಳ ಒಂದು ಕಟ್ಟನ್ನು ನನ್ನ ಮೇಜಿನ ಮೇಲೆ ಇಳಿಬಿಟ್ಟ. ಬಿಳಿ ಪುಡಿ ಚಹಾದ ಲೋಟಕ್ಕೆ ಬಿತ್ತು. ಲೋಟ ಎತ್ತಿ ಪಕ್ಕಕ್ಕಿಡಬೇಕು ಅನ್ನುವಷ್ಟರಲ್ಲಿ ಫೋನಿನ ಅಕ್ಕ ನೆನಪಾದರು...

ವಾಸನೆಯಿಂದ ನೆನಪು ಬರುತ್ತದೆ ಎನ್ನುವವರನ್ನು ನಾನು ನಂಬುತ್ತಿರಲಿಲ್ಲ. ಅದು ಬರೆಯುವವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡದ್ದು ಎಂದು ಎಷ್ಟೋ ಸಲ ವಾದಿಸಿದ್ದೇನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ಬಂದವಳು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಎರಡಕ್ಕೂ ನನ್ನ ಬಳಿ ಮಾತಿತ್ತು. ಆದರೆ ಅವತ್ತು ಲೋಟ ಪಕ್ಕಕ್ಕಿಡುವುದನ್ನೇ ಮರೆತದ್ದು ನಿಜ. ಅದನ್ನು ಅಲ್ಲಗಳೆಯುವುದು ಹೇಗೆ?

ಪುತ್ತೂರಿನಲ್ಲಿ ನನ್ನ ಮೊದಲ ಕೆಲಸ. ಪಂಪು, ಪೈಪು, ಸ್ಪ್ರಿಂಕ್ಲರ್ ಮಾರುವವರ ಬಳಿ. ಕೆಳಗೆ ಅಂಗಡಿ, ಮೆಟ್ಟಿಲು ಹತ್ತಿದರೆ ಆಫೀಸು. ಪುತ್ತೂರು, ಸುಳ್ಯ, ಕಡಬ ಎಲ್ಲಿ ಪಂಪು ಕೆಟ್ಟರೂ ಫೋನು ಬರುತ್ತಿದ್ದದ್ದು ಆ ಮೇಲಿನ ಆಫೀಸಿಗೆ. ಎತ್ತುತ್ತಿದ್ದವರು ಅಕ್ಕ. ಪೆರಾಬೆಯಲ್ಲಿ ತಮ್ಮನ ಸಂಸಾರದೊಟ್ಟಿಗೆ ಇದ್ದರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಕೈಯಲ್ಲಿ ಬಿಳಿ ಕೋಲು, ಎಣ್ಣೆ ಹಚ್ಚಿ ಬಿಗಿದ ಜಡೆ, ಕಿವಿಗೆ ಸದಾ ಹೆಡ್‌ಫೋನು. ಪರದೆಯಲ್ಲಿದ್ದದ್ದನ್ನು ಕಂಪ್ಯೂಟರೇ ಅವರಿಗೆ ಓದಿ ಹೇಳುತ್ತಿತ್ತು, ನಮಗೆ ಒಂದು ಶಬ್ದವೂ ಹಿಡಿಯಲಾಗದ ವೇಗದಲ್ಲಿ.

ಫೋನು ಮಾಡಿದವರು ಹೆಸರು ಹೇಳಬೇಕಾಗಿರಲಿಲ್ಲ. "ಎಂತ ಮಾರಾಯ್ರೆ, ಪುನಃ ಗಾಳಿ ಎಳೀತದಾ ಪಂಪು? ಫುಟ್‌ವಾಲ್ವ್ ಬಿಚ್ಚಿ ನೋಡಿ ಅಂತ ಮೊನ್ನೆಯೇ ಹೇಳಿದ್ದಲ್ಲ ನಾನು" ಎಂದು ಆ ಕಡೆಯವರ 'ಹಲೋ' ಮುಗಿಯುವ ಮೊದಲೇ ಶುರು ಮಾಡುತ್ತಿದ್ದರು. ತುಳುವಿನವರಿಗೆ ತುಳು, ಆಲೆಟ್ಟಿಯವರಿಗೆ ಅರೆಭಾಷೆ, ಗಡಿಯ ಆಚೆಯವರಿಗೆ ಮಲಯಾಳ. ಜೋರು ಮಾಡುವ ಗಿರಾಕಿಗೆ ಅವನ ಭಾಷೆಯಲ್ಲೇ ಜೋರು.

ನನ್ನನ್ನು ಅವರು ಕರೆಯುತ್ತಿದ್ದದ್ದು ವಕೀಲರೇ ಎಂದು. ನಾನು ಆಫೀಸಿಗೆ ಸೇರಿದ ಹೊಸತರಲ್ಲಿ, ಮಧ್ಯಾಹ್ನ ಊಟದ ಹೊತ್ತಿಗೆ, "ನೀನು ದೇವರು ಇಲ್ಲ ಅಂತ ಹೇಳುದಂತೆ, ಹೌದಾ?" ಎಂದು ಕೇಳಿದ್ದರು.

"ಕಣ್ಣಿಗೆ ಕಾಣದ್ದನ್ನು ನಾನು ನಂಬುದಿಲ್ಲ ಅಕ್ಕ" ಎಂದುಬಿಟ್ಟೆ. ಸ್ಪರ್ಧೆಗಳಲ್ಲಿ ಹೇಳಿ ಹೇಳಿ ಬಾಯಿಗೆ ಬಂದ ವಾಕ್ಯ.

"ಅಯ್ಯೋ ಮಾರಾಯ್ತಿ! ಹಾಗಾದ್ರೆ ನನಗೆ ನೀನು ಸಹ ಇಲ್ಲ, ಸಾರ್ ಸಹ ಇಲ್ಲ. ಮತ್ತೆ ತಿಂಗಳ ಸಂಬಳ ಯಾರು ಕೊಡುದು ನನಗೆ, ದೇವರಾ?"

ಇಡೀ ಆಫೀಸು ನಕ್ಕಿತು. ನನ್ನ ಬುತ್ತಿಯ ಮುಚ್ಚಳ ತೆಗೆದದ್ದು ತೆಗೆದ ಹಾಗೇ ಇತ್ತು. ಆ ವಾಕ್ಯವನ್ನು ಆಮೇಲೆ ನಾನು ಎಲ್ಲಿಯೂ ಬಳಸಲಿಲ್ಲ.

ಆ ಆಫೀಸಿನ ವಯರುಗಳ ಬಗ್ಗೆ ಹೇಳಬೇಕು. ಸ್ವಿಚ್‌ಬೋರ್ಡುಗಳೆಲ್ಲ ಒಂದೇ ಗೋಡೆಯಲ್ಲಿ, ಮೇಜುಗಳು ನಡುವಿನಲ್ಲಿ. ಗೋಡೆಯಿಂದ ಮೇಜಿಗೆ ಬರಬೇಕಾದರೆ ವಯರು ನೆಲದ ಮೇಲೆಯೇ ಬರಬೇಕು. ಅದನ್ನು ಮುಚ್ಚಲು ಬೇರೆ ಊರಿನವರಾದರೆ ಪೇಟೆಯಿಂದ ಪ್ಲಾಸ್ಟಿಕ್ ಪಟ್ಟಿ ತರುತ್ತಿದ್ದರು. ನಮ್ಮ ಅಂಗಡಿಯ ಯಜಮಾನರು ತಮ್ಮ ತೋಟದಿಂದ ದಂಬೆ ತರಿಸಿದರು. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ ಒಳಗಿನ ತಿರುಳು ಕೆತ್ತಿ ತೆಗೆದರೆ ಸಿಗುವ ಟೊಳ್ಳು ತುಂಡೇ ದಂಬೆ. ಪೈಪು ಬರುವ ಮೊದಲು ತೋಟದಲ್ಲಿ ನೀರು ಹರಿಯುತ್ತಿದ್ದದ್ದು ಅದರಲ್ಲಿ. ಯಜಮಾನರು ಅದನ್ನು ಕವುಚಿ ಹಾಕಿ, ಅಡಿಯಲ್ಲಿ ವಯರು ಹಾಯಿಸಿದರು. ಬಾಗಿಲ ಪಕ್ಕದಿಂದ ಹೊರಟ ದಂಬೆ ಸಾಲು ಗೋಡೆಗುಂಟ ಹೋಗಿ, ಬಿಲ್ಲಿಂಗ್ ಮೇಜಿನ ಬಳಿ ಕವಲೊಡೆದು, ಒಂದು ನನ್ನ ಕಡೆಗೆ, ಒಂದು ಅಕ್ಕನ ಕಡೆಗೆ ತಿರುಗುತ್ತಿತ್ತು. ಪೈಪು ಮಾರುವವರ ಆಫೀಸಿನಲ್ಲಿ ದಂಬೆ! ಪಂಪಿನ ಕಂಪೆನಿಯಿಂದ ಬರುವ ಸೇಲ್ಸಿನವರು ಅದರ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ಎಡವದವರು ಇರಲಿಲ್ಲ. ನಾನು ಎಡವಿದ್ದೇನೆ. ಯಜಮಾನರೇ ಒಮ್ಮೆ ಫೈಲುಗಳ ಸಮೇತ ಮುಗ್ಗರಿಸಿ, "ಇದನ್ನು ಹಾಕಿದವ ಯಾರು ಮಾರಾಯ!" ಎಂದು ಬೈದು, ಮತ್ತೆ ತಾನೇ ಎಂದು ನೆನಪಾಗಿ ಸುಮ್ಮನಾಗಿದ್ದರು. ಆದರೆ ಒಂದು ದಿನ ಬಿಲ್ಲಿಂಗಿನ ಹುಡುಗಿ ಬಿದ್ದಳು. ಅವಳು ತುಂಬಿದ ಬಸುರಿ. ಮೊಣಕಾಲೂರಿ ಬಿದ್ದದ್ದರಿಂದ ಹೊಟ್ಟೆಗೆ ಏನೂ ಆಗಲಿಲ್ಲ, ಆಸ್ಪತ್ರೆಯಲ್ಲಿ ಹೆದರಬೇಡಿ ಎಂದರು. ಆದರೂ ಆ ಸಂಜೆ ಯಜಮಾನರ ಮುಖದಲ್ಲಿ ರಕ್ತವಿರಲಿಲ್ಲ. ಆವತ್ತೇ ತೀರ್ಮಾನವಾಯಿತು: ದಂಬೆ ಬೇಡ, ವಯರುಗಳೆಲ್ಲ ಮೇಲಿನಿಂದ ಬರಲಿ. ಹೇಗೂ ಕಂಪೆನಿಯವರು ಆಫೀಸು ನೋಡಲು ಬರುವವರಿದ್ದರು. ಮೆಚ್ಚಿದರೆ ಮೂರೂ ತಾಲೂಕಿನ ಸರ್ವಿಸ್ ನಮಗೇ.

"ಇನ್ನು ನಮ್ಮ ಅಕ್ಕನಿಗೆ ಸಹ ಎಡವುವ ಭಯ ಇಲ್ಲ" ಎಂದರು ಯಜಮಾನರು. ನಾವು ಚಪ್ಪಾಳೆ ತಟ್ಟಿದೆವು. ಅಕ್ಕ ಫೋನಿನಲ್ಲಿದ್ದರು, ಯಾರಿಗೋ ಸ್ಟಾರ್ಟರಿನ ಕೆಂಪು ಬಟನ್ ಒತ್ತಲು ಹೇಳುತ್ತಿದ್ದರು.

ಶನಿವಾರ ಬೇಗ ಬಾಗಿಲು ಹಾಕಿ ಕೆಲಸ ಶುರುವಾಯಿತು. ಯಜಮಾನರು ಹೇಳಿದ್ದರಿಂದ ಭಾನುವಾರ ನಾನೂ ಹೋಗಿದ್ದೆ, ಕಂಪ್ಯೂಟರುಗಳನ್ನು ಪುನಃ ಜೋಡಿಸಲು. ಗೋಡೆಯಿಂದ ವಯರುಗಳು ಮೇಲೇರಿ, ಹೊಸ ಸೀಲಿಂಗಿನ ಹಿಂದೆ ತಗಡಿನ ಕಾಲುವೆಯಂಥದರಲ್ಲಿ ಸಾಗಿ, ಪ್ರತಿ ಮೇಜಿನ ನಡುವಿಗೆ ಒಂದೊಂದು ಬಿಳಿ ಕಂಬದೊಳಗೆ ಇಳಿದವು. ಕಂಬದ ಒಳಗೆ ನಡುವೆ ಒಂದು ಅಡ್ಡಗೋಡೆ. ಕರೆಂಟು ಒಂದು ಕಡೆ, ನೆಟ್‌ವರ್ಕ್ ಇನ್ನೊಂದು ಕಡೆ. ಮೇಲೊಂದು ಮುಚ್ಚಳ ಒತ್ತಿದರೆ ಟಕ್ಕೆಂದು ಕೂರುತ್ತಿತ್ತು. ಮೇಜಿನಡಿಯಲ್ಲಿ ಜೋತುಬಿದ್ದದ್ದನ್ನೂ ಬಲೆಯಂಥ ತೊಟ್ಟಿಲಿಗೆ ಸುತ್ತಿ ಹಾಕಿದರು. "ಇನ್ನು ಈ ಆಫೀಸಿನಲ್ಲಿ ಒಂದು ವಯರು ಕಂಡ್ರೆ ನಾನು ಈ ಕೆಲಸ ಬಿಟ್ಟು ಮೀನು ಮಾರ್ತೇನೆ" ಎಂದ ವಯರಿಂಗಿನವನು. ಕಾಣಲಿಲ್ಲ. ನೆಲಕ್ಕೆ ಹೊಸ ಟೈಲ್ಸ್ ಕೂಡ ಬಿದ್ದಿತ್ತು. ದಂಬೆ ತುಂಡುಗಳು ಹಿತ್ತಿಲಿನಲ್ಲಿ ಬಿಸಿನೀರಿನ ಒಲೆಗೆ ಕಾದು ಬಿದ್ದಿದ್ದವು.

ಸೋಮವಾರ ಬೆಳಿಗ್ಗೆ ಅಕ್ಕ ಬಂದರು. ಎಲ್ಲರೂ ಅವರ ಮಾತಿಗೆ ಕಾಯುತ್ತಿದ್ದೆವು, ಎಂತಾದರೂ ತಮಾಷೆ ಹೇಳುತ್ತಾರೆ ಎಂದು.

ಅವರು ಬಾಗಿಲಲ್ಲೇ ನಿಂತರು. ಕೋಲು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಪುನಃ ಎಡಕ್ಕೆ ಹೋಯಿತು. ನೆಲ ಒಂದೇ ಥರ ಟಿಕ್ ಟಿಕ್ ಎಂದಿತು.

"ಇದು ನಮ್ಮ ಆಫೀಸೇ ಅಲ್ವಾ?"

ಎಲ್ಲರೂ ಗೊಳ್ಳೆಂದು ನಕ್ಕೆವು. ಕಾದಿದ್ದ ತಮಾಷೆ ಬಂತು ಎಂದುಕೊಂಡು.

ಅಕ್ಕ ನಗಲಿಲ್ಲ. ಎರಡು ಹೆಜ್ಜೆ ಮುಂದೆ ಇಟ್ಟರು, ನಿಂತರು. ತಲೆ ಸ್ವಲ್ಪ ಓರೆ ಮಾಡಿ ಕೇಳಿದರು. "ಸದ್ದು ಸಹ ಬೇರೆ ಉಂಟು..." ಎಂದರು, ಯಾರಿಗೂ ಅಲ್ಲ ಎಂಬ ಹಾಗೆ. ಮತ್ತೆ ಒಂದು ಹೆಜ್ಜೆ ತಪ್ಪು ಕಡೆಗೆ ಇಟ್ಟು, ಬಿಲ್ಲಿಂಗ್ ಮೇಜಿನ ಮೂಲೆಗೆ ಸೊಂಟ ಹೊಡೆಸಿಕೊಂಡು, ಕೈ ಚಾಚಿ ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ಆ ಬಸುರಿಯ ಭುಜ.

ನನಗೆ ಹೊಳೆದದ್ದು ಆಗ. ಇಷ್ಟು ಕಾಲ ಅಕ್ಕ ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಬಾಗಿಲ ಪಕ್ಕದ ಬಚ್ಚಲಿಗೆ, ಯಾರ ಹಂಗೂ ಇಲ್ಲದೆ ಸರಸರ ನಡೆಯುತ್ತಿದ್ದರಲ್ಲ, ಹೊಸ ಗಿರಾಕಿಗಳಿಗೆ ಅವರಿಗೆ ಕಣ್ಣು ಕಾಣುವುದಿಲ್ಲ ಎಂದೇ ಗೊತ್ತಾಗುತ್ತಿರಲಿಲ್ಲವಲ್ಲ, ಅದು ಹೇಗೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅಭ್ಯಾಸ ಎಂದುಕೊಂಡಿದ್ದೆವು. ಅಭ್ಯಾಸವಲ್ಲ, ದಂಬೆ! ನಾವೆಲ್ಲ ಎಡವಿ ಶಪಿಸುತ್ತಿದ್ದ ಆ ದಂಬೆಗೆ ಕೋಲು ತಾಗಿಸಿಕೊಂಡು ಅವರು ಬರುತ್ತಿದ್ದರು. ಟೊಳ್ಳು ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲಿ ಬಿಲ್ಲಿಂಗ್ ಮೇಜು, ಎಲ್ಲಿ ಕವಲು ಸಿಗುತ್ತದೋ ಅಲ್ಲಿ ತನ್ನ ಜಾಗಕ್ಕೆ ತಿರುವು. ನಾವು ವಯರು ತೆಗೆದಿದ್ದೇವೆ ಎಂದುಕೊಂಡಿದ್ದೆವು. ಅವರ ದಾರಿಯನ್ನೇ ಎತ್ತಿ ಒಲೆಗೆ ಇಟ್ಟಿದ್ದೆವು. ಅದೂ ಅವರಿಗಾಗಿ ಎಂದು ಚಪ್ಪಾಳೆ ತಟ್ಟಿ.

ಮಧ್ಯಾಹ್ನ ಅಕ್ಕ ಯಜಮಾನರ ಕೋಣೆಗೆ ಹೋದರು. ಕೈ ಹಿಡಿದು ಕರೆದುಕೊಂಡು ಹೋದದ್ದು ನಾನು, ಹಾಗಾಗಿ ಮಾತೆಲ್ಲ ಕೇಳಿದ್ದೇನೆ.

"ಬಿಲ್ಲಿಂಗಿನ ಹುಡುಗಿ ಬಿದ್ದದ್ದು ನಿಮಗೆ ಗೊತ್ತುಂಟಲ್ಲ ಅಕ್ಕ" ಎಂದರು ಯಜಮಾನರು.

"ಗೊತ್ತುಂಟು ಸಾರ್. ಬಿದ್ದ ಸದ್ದು ಎಲ್ಲರಿಗಿಂತ ಮೊದಲು ಕೇಳಿದ್ದು ನನಗೆ. ದಂಬೆ ಪುನಃ ಹಾಕಿ ಅಂತ ನಾನು ಹೇಳುದಿಲ್ಲ. ಒಂದು ಹುರಿಹಗ್ಗ ಅಂಟಿಸಿ ಸಾಕು, ಬಾಗಿಲಿಂದ ನನ್ನ ಮೇಜಿಗೆ. ತೆಳು ಇರ್ಲಿ. ಯಾರೂ ಎಡವುದಿಲ್ಲ, ನನ್ನ ಕೋಲಿಗೆ ಸಿಗ್ತದೆ."

ವಾದದಲ್ಲಿ ತೂತಿರಲಿಲ್ಲ. ನಾನೇ ಬರೆದುಕೊಟ್ಟರೂ ಇಷ್ಟು ಚೊಕ್ಕ ಬರುತ್ತಿರಲಿಲ್ಲ. ಯಜಮಾನರೂ ಒಪ್ಪಿದರು.

"ಹಾಕುವ ಅಕ್ಕ, ಖಂಡಿತ ಹಾಕುವ. ಕಂಪೆನಿಯವರು ಒಮ್ಮೆ ಬಂದು ಹೋಗ್ಲಿ. ಹೊಸ ಟೈಲ್ಸಿನ ಮೇಲೆ ಹಗ್ಗ ಕಂಡ್ರೆ ಅವರು ಎಂತ ಹೇಳ್ತಾರೋ. ಅಲ್ಲಿವರೆಗೆ ಇವರೆಲ್ಲ ಇದ್ದಾರಲ್ಲ, ಕೈ ಹಿಡೀತಾರೆ."

ಹಿಡಿದೆವು. ಸರದಿಯಲ್ಲಿ, ಪ್ರೀತಿಯಿಂದಲೇ ಹಿಡಿದೆವು. ಬಾಗಿಲಿಗೆ ಬಂದು ಕೋಲು ಮಡಚಿ ಚೀಲಕ್ಕೆ ಹಾಕಿ, ಯಾರಾದರೂ ಬರುವ ತನಕ ಅಕ್ಕ ಅಲ್ಲೇ ನಿಲ್ಲುತ್ತಿದ್ದರು. ಕರೆಯುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ಸ್ವರ ಮೊದಲಿನ ಹಾಗೇ ಇತ್ತು. ಒಂದು ಸಂಜೆ ಅವರ ಚೀಲ ಎತ್ತಿಕೊಟ್ಟಾಗ ಭಾರವೆನಿಸಿತು. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಮಾರನೆಯ ದಿನ ಗಮನಿಸಿದೆ, ಅವತ್ತೂ ಹಾಗೆಯೇ. ದಿನವಿಡೀ ಮಾತಾಡುವ ಕೆಲಸ, ಒಂದು ಗುಟುಕು ನೀರಿಲ್ಲ. ಕುಡಿದರೆ ಬಚ್ಚಲಿಗೆ ಹೋಗಬೇಕು. ಹೋಗಬೇಕಾದರೆ ಯಾರನ್ನಾದರೂ ಕೇಳಬೇಕು...

ನಾನು ಯಜಮಾನರ ಬಳಿ ಹೋಗಿ ಹಗ್ಗದ ಮಾತು ಎತ್ತಿದೆ. "ಆಗ್ಲಿ ಅಂತ ಹೇಳಿದ್ದೇನಲ್ಲ ಮಾರಾಯ್ತಿ, ಬೇಡ ಅಂದೆನಾ?" ಎಂದರು. ಬೇಡ ಎನ್ನುವವರ ಜೊತೆ ವಾದಿಸಬಹುದು. ಆಗಲಿ ಎನ್ನುವವರ ಜೊತೆ ಎಂತ ವಾದಿಸುವುದು? ನನ್ನ ಯಾವ ತರಬೇತಿಯಲ್ಲೂ ಅದು ಇರಲಿಲ್ಲ.

ಕಂಪೆನಿಯವರು ಬರುವ ಹಿಂದಿನ ದಿನ ಯಜಮಾನರೇ ಅಕ್ಕನ ಮೇಜಿನ ಬಳಿ ಬಂದರು. ಕುರ್ಚಿ ಎಳೆದುಕೊಂಡು, ಮನೆಯವರ ಹಾಗೆ ಕೂತು, ಮೆತ್ತಗೆ ಹೇಳಿದರು. "ಅಕ್ಕ, ನಾಳೆ ಒಂದು ದಿನ ನೀವು ರಜೆ ಮಾಡಿ. ಸಂಬಳ ಹಿಡಿಯುದಿಲ್ಲ. ಅವರೆಲ್ಲ ಅತ್ತ ಇತ್ತ ನಡೀತಿರುವಾಗ ನಿಮಗೇ ಕಷ್ಟ."

ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಈಗ ನೋಡು, ಎಂದುಕೊಂಡೆ. ಈಗ ಅಕ್ಕ ಬಾಯಿ ತೆರೆಯುತ್ತಾರೆ. ಈ ಮನುಷ್ಯನಿಗೆ ಇವತ್ತು ಗ್ರಹಚಾರ.

"ಆಯ್ತು ಸಾರ್" ಎಂದರು ಅಕ್ಕ.

ಅಷ್ಟೇ. ಹೆಡ್‌ಫೋನು ಹಾಕಿಕೊಂಡು ಮುಂದಿನ ಫೋನು ಎತ್ತಿದರು. ನಾನು ಜೀವನದಲ್ಲಿ ಎಷ್ಟೋ ಸ್ಪರ್ಧೆ ಸೋತಿದ್ದೇನೆ, ಬೇರೆಯವರು ಸೋಲುವುದನ್ನೂ ನೋಡಿದ್ದೇನೆ. ಆ ಎರಡು ಶಬ್ದ ಕೇಳಿದಾಗ ಆದಂಥ ಆಘಾತ ಯಾವತ್ತೂ ಆಗಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ಅವರನ್ನು ಬಿಡಲು ಹೋದೆ. ರಸ್ತೆಯಲ್ಲಿ ಅವರಿಗೆ ನನ್ನ ಕೈ ಬೇಕಾಗಿರಲಿಲ್ಲ, ಚರಂಡಿಯ ಚಪ್ಪಡಿಗೆ ಕೋಲು ತಾಗಿಸುತ್ತಾ ನನಗಿಂತ ಮುಂದೆ ಹೋಗುತ್ತಿದ್ದರು. ತಡೆಯಲಾಗದೆ ಕೇಳಿದೆ.

"ಯಾಕೆ ಅಕ್ಕ ಒಂದು ಮಾತೂ ಆಡ್ಲಿಲ್ಲ ನೀವು?"

"ನಿನ್ನ ಸ್ಪರ್ಧೆಯಲ್ಲಿ ಹೊತ್ತು ಆಯ್ತು ಅಂತ ಗಂಟೆ ಹೊಡೆಯುದು ಯಾರು ವಕೀಲರೇ?"

"ತೀರ್ಪುಗಾರರು."

"ಹಾಂ. ಇಲ್ಲಿ ಎದುರು ವಾದ ಮಾಡುವವರ ಕೈಯಲ್ಲೇ ಗಂಟೆ ಉಂಟು. ನಾನು ಬಾಯಿ ಒಣಗಿಸಿಕೊಂಡು ಎಂತ ಮಾಡುದು?" ಎಂದು ನಕ್ಕರು. "ಹೋಗು, ನಿನಗೆ ಸುಳ್ಯದ ಬಸ್ಸು ತಪ್ತದೆ."

ಕಂಪೆನಿಯವರು ಬಂದರು, ತಲೆ ಎತ್ತಿ ಸೀಲಿಂಗು ನೋಡಿದರು, ಬಗ್ಗಿ ಮೇಜಿನಡಿ ನೋಡಿದರು, ಒಂದು ವಯರೂ ಕಾಣುವುದಿಲ್ಲ ಎಂದು ಮೆಚ್ಚಿದರು. ಸರ್ವಿಸ್ ನಮಗೇ ಸಿಕ್ಕಿತು. ಅವತ್ತು ಫೋನು ಎತ್ತಿದ್ದು ನಾನು. ಆಲೆಟ್ಟಿಯ ಒಬ್ಬರು ಅರೆಭಾಷೆಯಲ್ಲಿ ಅಕ್ಕನನ್ನು ಕೇಳಿದರು. ಇವತ್ತು ರಜೆ, ನನ್ನ ಬಳಿ ಹೇಳಿ ಎಂದೆ. ಅವರ ಬಳಿಯೇ ಹೇಳುತ್ತೇನೆ ಎಂದು ಇಟ್ಟುಬಿಟ್ಟರು.

ಮರುದಿನ ಅಕ್ಕ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಪೆರಾಬೆಗೆ ಹೋದೆ. ತಮ್ಮನ ಹೆಂಡತಿ ಚಹಾ ಕೊಟ್ಟು ಒಳಗೆ ಹೋದ ಮೇಲೆ ಅಕ್ಕ ಕೇಳಿದ ಮೊದಲ ಪ್ರಶ್ನೆ, "ನನ್ನ ಜಾಗದಲ್ಲಿ ಯಾರು ಕೂತಿದ್ದಾರೆ?"

"ಯಾರೂ ಇಲ್ಲ ಅಕ್ಕ."

"ಹಾಗಾದ್ರೆ ಕರೀತಾರೆ" ಎಂದರು. "ಹಗ್ಗ ಹಾಕಿ ಆದ ಮೇಲೆ ಫೋನು ಮಾಡ್ತಾರೆ. ಮಾಡಿದ ಕೂಡಲೇ ಬರ್ತೇನೆ ನಾನು. ಹಟ ಏನಿಲ್ಲ ನನಗೆ." ಮೊಬೈಲು ಅವರ ಮಡಿಲಲ್ಲೇ ಇತ್ತು.

ಇದನ್ನು ಯಜಮಾನರಿಗೆ ಹಾಗೆಯೇ ಹೇಳಿದೆ. "ನಾನು ಒಂದು ದಿನ ರಜೆ ಕೊಟ್ಟದ್ದು. ಬರಬೇಡಿ ಅಂತ ಹೇಳಿದ್ದೇನಾ? ಅವರ ಕೆಲಸ ತೆಗೆದಿದ್ದೇನಾ? ಬಂದ್ರೆ ಹಗ್ಗ ಹಾಕುದೇ" ಎಂದರು. ಒಂದೊಂದು ವಾಕ್ಯವೂ ಸರಿ. ತಪ್ಪೆಂದು ಹಿಡಿದು ತೋರಿಸಬಹುದಾದದ್ದು ಒಂದೂ ಇಲ್ಲ. ಹಗ್ಗ ಹಾಕಿದರೆ ಅವರು ಬರುತ್ತಾರೆ, ಅವರು ಬಂದರೆ ಇವರು ಹಗ್ಗ ಹಾಕುತ್ತಾರೆ. ನಡುವೆ ಒಂದು ಫೋನು. ಅದನ್ನು ಯಾರೂ ಮಾಡಲಿಲ್ಲ.

ನಾನು ಆ ಕೆಲಸ ಬಿಟ್ಟು ಸುಳ್ಯದಲ್ಲಿ ಬೇರೆ ಕಡೆ ಸೇರಿದೆ. ಆ ಮಳೆಗಾಲ ಕಳೆದು ಒಂದು ದಿನ, ಸುಮ್ಮನೆ ಮಾತಾಡೋಣವೆಂದು ಅಕ್ಕನಿಗೆ ಫೋನು ಮಾಡಿದರೆ ಎತ್ತಿದ್ದು ತಮ್ಮ. ಜ್ವರ ಬಂದು ತೀರಿಹೋದರಂತೆ. ಉತ್ತರಕ್ರಿಯೆ, ಬೊಜ್ಜದ ಊಟವೂ ಆಗಿ ಹೋಗಿತ್ತು. "ಯಾರಿಗೆಲ್ಲ ಹೇಳುದು ಅಂತ ನಮಗೆ ಗೊತ್ತಾಗ್ಲಿಲ್ಲ. ಅವಳ ಗುರ್ತದವರೆಲ್ಲ ಫೋನಿನೊಳಗೆ ಇದ್ದದ್ದಲ್ವಾ" ಎಂದರು.

ಇದೆಲ್ಲ ಹಿಂದಿನ ಮಾತು. ಕಳೆದ ವಾರ ಆ ಬಿಳಿ ಪುಡಿ ಲೋಟಕ್ಕೆ ಬಿದ್ದ ಮೇಲೆ ಮಾತ್ರ ತಲೆಯಿಂದ ಹೋಗಲಿಲ್ಲ. ಶನಿವಾರ ಪುತ್ತೂರಿನಲ್ಲಿ ಬಸ್ಸಿಳಿದು, ಯಾಕೆಂದು ನನಗೇ ಸರಿಯಾಗಿ ಗೊತ್ತಿಲ್ಲದೆ, ಆ ಮೆಟ್ಟಿಲು ಹತ್ತಿದೆ.

ಬಾಗಿಲಲ್ಲೇ ಕಾಲಿಗೆ ಏನೋ ಉಬ್ಬು ತಾಗಿತು. ಕೆಳಗೆ ನೋಡಿದೆ. ಕಣ್ಣು ಕಾಣದವರ ಕೋಲಿಗೆ ದಾರಿ ಸಿಗಲೆಂದು ರೈಲ್ವೆ ಸ್ಟೇಷನ್ನಿನಲ್ಲಿ ಇರುತ್ತದಲ್ಲ, ಗುಂಡಿಗುಂಡಿಯ ಹಳದಿ ರಬ್ಬರ್ ಪಟ್ಟಿ, ಅದು. ಗೋಡೆಗುಂಟ ಹೋಗಿ, ಬಿಲ್ಲಿಂಗ್ ಮೇಜು ದಾಟಿ, ತಿರುಗಬೇಕಾದಲ್ಲೇ ತಿರುಗಿ, ಅಕ್ಕನ ಮೇಜಿನ ಬುಡದಲ್ಲಿ ಮುಗಿದಿತ್ತು. ಅಲ್ಲಿ ಕುರ್ಚಿ ಇತ್ತು. ಬಿಳಿ ಕಂಬ ಇಳಿದಿತ್ತು. ಫೋನಿತ್ತು.

"ಓ, ವಕೀಲರು! ಬನ್ನಿ ಬನ್ನಿ!" ಯಜಮಾನರು ಕೋಣೆಯಿಂದ ಹೊರಗೆ ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ಪಟ್ಟಿ ನೋಡುತ್ತಿದ್ದದ್ದು ಅವರಿಗೆ ಕಂಡಿತು, ಮುಖ ಅರಳಿತು. "ಈಗ ಕಂಪೆನಿಯವರೇ ಇದು ಇರ್ಬೇಕು ಅಂತ ಹೇಳ್ತಾರೆ ಮಾರಾಯ್ತಿ, ಎಲ್ಲ ಆಫೀಸಿನಲ್ಲೂ. ಆದ್ರೆ ಎಲ್ಲಿಂದ ಎಲ್ಲಿಗೆ ಅಂತ ಹೇಳಿ ಹಾಕಿಸಿದ್ದು ನಾನು. ಅಕ್ಕ ಹೇಳಿದ್ರಲ್ಲ, ಬಾಗಿಲಿಂದ ಮೇಜಿಗೆ. ಸರಿ ಉಂಟಲ್ಲ?"

"ಸರಿ ಉಂಟು ಸಾರ್."

"ಹೇಗಿದ್ದಾರೆ ಅವರು? ನಿನಗೆ ಮಾತು ಕಥೆ ಉಂಟಲ್ಲ? ನಾನು ಫೋನು ಮಾಡಿದ್ರೆ ಬೈತಾರೆ. ನೀನೇ ಹೇಳಿಬಿಡು, ಪಟ್ಟಿ ಹಾಕಿ ಆಯ್ತು, ನಾಳೆಯಿಂದಲೇ ಬರ್ಲಿ ಅಂತ."

ಅವರು ನಗುತ್ತಿದ್ದರು. ನಿಜವಾಗಿ ಖುಷಿಯಲ್ಲಿದ್ದರು.

ಹೇಳಿದೆ. ಉದ್ದಕ್ಕೆ ಹೇಳುವಂಥದ್ದು ಇರಲಿಲ್ಲ.

ಯಜಮಾನರು ನನ್ನನ್ನೇ ನೋಡಿದರು. "ನನಗೆ ಯಾರೂ ಹೇಳ್ಲಿಲ್ಲ" ಎಂದರು. ನೀವು ಯಾರನ್ನೂ ಕೇಳಲಿಲ್ಲ ಎಂಬ ಉತ್ತರ ನನ್ನ ನಾಲಗೆಯ ತುದಿಗೆ ಬಂದಿತ್ತು. ಯಾವ ಸ್ಪರ್ಧೆಯಲ್ಲಾದರೂ ಗೆಲ್ಲುವ ಉತ್ತರ. ಅದನ್ನು ಹೇಳುವ ಮೊದಲೇ ಅವರು ಕಣ್ಣು ತಗ್ಗಿಸಿ, ಪಟ್ಟಿಯ ಕೊನೆಯ ತುಂಡಿನ ಹತ್ತಿರ ಹೋಗಿ, ಅದರ ಮೂಲೆಯನ್ನು ಚಪ್ಪಲಿಯಿಂದ ಒತ್ತತೊಡಗಿದರು.

"ಇಲ್ಲಿ ಸ್ವಲ್ಪ ಎದ್ದಿದೆ ನೋಡು... ಗಮ್ ಸರಿ ಹಿಡಿದಿಲ್ಲ. ಎಡವಿದ್ರೆ ಕಷ್ಟ."

ಒತ್ತಿದರು. ಕಾಲು ತೆಗೆದರೆ ಪುನಃ ಎದ್ದಿತು. ಬಗ್ಗಿ, ಮೊಣಕಾಲೂರಿ, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡರು. ನಾನು ಮೆಟ್ಟಿಲಿಳಿದು ಬರುವಾಗಲೂ ಹಾಗೆಯೇ ಹಿಡಿದುಕೊಂಡಿದ್ದರು.